ಹೂಮಳೆ, ಸಂಶಯ ಮತ್ತು ವಿಚಾರಶಕ್ತಿ

ಫೆಬ್ರವರಿ ಮುಗಿಯುತ್ತಾ ಬಂದರೆ ಕೊಡಗಿನ ಕಾಫಿ ತೋಟಗಳಲ್ಲಿ ಒಂದೇ ಮಾತು. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದಾ, ಸ್ಪ್ರಿಂಕ್ಲರ್ ಹಾಕುವುದಾ? ರೋಬಸ್ಟಾ ಜಾತಿಯ ಕಾಫಿ ಚೆನ್ನಾಗಿ ಅರಳಲು ಸುಮಾರು ಒಂದು ಇಂಚು ಮಳೆ ಬೇಕು. ಅರೆಬರೆ ಸುರಿದು ನಿಂತರೆ ಮೊಗ್ಗು ಕೆಡುತ್ತದೆ. ಬೆಳೆಗಾರರು ಹಳೆಯ ಮಳೆ ಲೆಕ್ಕ ತೆಗೆಯುತ್ತಾರೆ, ಕೆರೆಯಲ್ಲಿ ನೀರೆಷ್ಟಿದೆ ನೋಡುತ್ತಾರೆ, ಪಕ್ಕದ ತೋಟದವರನ್ನು ಕೇಳುತ್ತಾರೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಆದರೂ ತೀರ್ಮಾನ ಮಾಡಲೇಬೇಕು. ಇದೂ ವಿಚಾರವೇ ಅಲ್ವಾ?

ಯುರೋಪಿನ ತತ್ವಶಾಸ್ತ್ರ ಬಹುಕಾಲ ಇಂಥದ್ದಕ್ಕೆ ದೊಡ್ಡ ಸ್ಥಾನ ಕೊಡಲಿಲ್ಲ. 1641ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಎಲ್ಲವನ್ನೂ ಸಂಶಯಿಸಿ, ಅಲುಗಾಡದ ಒಂದು ಸತ್ಯದಿಂದ ಜ್ಞಾನ ಕಟ್ಟಲು ಹೊರಟರು. ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ 1868ರಲ್ಲಿ ಇದನ್ನು ವಿರೋಧಿಸಿದರು: ಮನಸ್ಸಿನಲ್ಲಿ ಇಲ್ಲದ ಸಂಶಯವನ್ನು ಸುಮ್ನೆ ನಟಿಸಬೇಡಿ.

1877ರ ಲೇಖನದಲ್ಲಿ ಅವರು ಇನ್ನೂ ಮುಂದೆ ಹೋದರು. ನಂಬಿಕೆ ಎಂದರೆ ನಡೆಯುವ ರೂಢಿ. ಅದಕ್ಕೆ ಪೆಟ್ಟು ಬಿದ್ದಾಗ ನಿಜವಾದ ಸಂಶಯ ಹುಟ್ಟುತ್ತದೆ, ಅದು ಕಾಡುತ್ತದೆ, ಅಲ್ಲಿಂದ ವಿಚಾರಣೆ ಶುರು. ಹಟ ಹಿಡಿದು ಸಂಶಯ ಮುಚ್ಚಬಹುದು. ದೊಡ್ಡವರ ಅಧಿಕಾರಕ್ಕೆ ತಲೆಬಾಗಬಹುದು. ಬುದ್ಧಿಗೆ ಹಿತವೆನಿಸಿದ್ದನ್ನೇ ಒಪ್ಪಬಹುದು. ಬಾಳಿಕೆ ಬರುವುದು ಮಾತ್ರ ನಾಲ್ಕನೆಯ ದಾರಿ, ಅಂದರೆ ಅನುಭವದಲ್ಲಿ ಎಲ್ಲರೂ ಸೇರಿ ಪರೀಕ್ಷಿಸುವ ವಿಜ್ಞಾನದ ದಾರಿ. ವಿಚಾರದ ಬೆಲೆಯನ್ನು ಅದರ ಪರಿಣಾಮದಿಂದ ಅಳೆಯುವ ಪ್ರಾಗ್ಮ್ಯಾಟಿಸಂನ ಬೇರು ಇಲ್ಲಿದೆ. ವಿಚಾರಶಕ್ತಿ ಎಂದರೆ ತಪ್ಪೇ ಮಾಡದ ಗುಣವಲ್ಲ, ತಪ್ಪನ್ನು ತಿದ್ದಿಕೊಳ್ಳುವ ಗುಣ. ನನಗೆ ಇದಕ್ಕಿಂತ ಮನುಷ್ಯರಿಗೆ ಹತ್ತಿರದ ವಿವರಣೆ ಸಿಕ್ಕಿಲ್ಲ.

1907ರಲ್ಲಿ ಅಮೆರಿಕದವರೇ ಆದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಈ ವಾದವನ್ನು ಜನಪ್ರಿಯ ಮಾಡಿದರು. ಉಪಯೋಗಕ್ಕೆ ಬಂದದ್ದೇ ಸತ್ಯ ಎಂದಾಗುತ್ತದೆ ಎಂಬ ಟೀಕೆಯೂ ಬಂತು.

ಅದೇ ದೇಶದ ತತ್ವಜ್ಞಾನಿ ಜಾನ್ ಡ್ಯೂಯಿ ಕೈಯಲ್ಲಿ ಇದು ಸಮಾಜದ ಮಾತಾಯಿತು. ಬಿಕ್ಕಟ್ಟು ಎದುರಾದಾಗಲೇ ಯೋಚನೆ ಹುಟ್ಟುತ್ತದೆ ಎಂದು ಅವರು 1910ರಲ್ಲಿ ಬರೆದರು. ತೊಂದರೆ ಅನುಭವಿಸುವವರನ್ನೇ ಬಿಟ್ಟರೆ ವಿಚಾರಣೆ ಅರೆಬರೆ ಎಂಬುದು ಅವರ ಪ್ರಜಾಪ್ರಭುತ್ವದ ತಿರುಳು. ತೋಟದ ಯಾವ ಮೂಲೆಗೆ ನೀರು ಮುಟ್ಟುವುದಿಲ್ಲ ಎಂದು ಪೈಪ್ ಹೊರುವ ಲೈನ್ ಮನೆಯ ಕಾರ್ಮಿಕರಿಗೆ ಗೊತ್ತು. ಅವರ ಮಾತಿಗೂ ಲೆಕ್ಕದಲ್ಲಿ ಜಾಗ ಇರಬೇಕು.

1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅಂಬೇಡ್ಕರ್ ಅವರಿಗೆ ಡ್ಯೂಯಿ ಗುರು. 1936ರ 'ಜಾತಿ ವಿನಾಶ'ದಲ್ಲಿ ಅವರು ಬಿಕ್ಕಟ್ಟಿನಲ್ಲೇ ಯೋಚನೆ ಹುಟ್ಟುತ್ತದೆ ಎಂಬ ಗುರುವಿನ ಮಾತನ್ನೇ ಹಿಡಿದು ರೈಲು ಪ್ರಯಾಣದ ಉದಾಹರಣೆ ಕೊಟ್ಟರು. ರೈಲಿನಲ್ಲಿ ಹಿಂದೂ ಆದವನು ಜಾತಿಯ ಕಟ್ಟು ಮುರಿಯಲೇಬೇಕಾಗುತ್ತದೆ. ಯೋಚಿಸಲು ಅದು ಸರಿಯಾದ ಸಮಯ. ಆದರೆ ಅವನು ಒಂದು ಹೆಜ್ಜೆಯಲ್ಲಿ ಜಾತಿ ಮುರಿದು ಮುಂದಿನ ಹೆಜ್ಜೆಯಲ್ಲಿ ಪಾಲಿಸುತ್ತಾನೆ, ಪ್ರಶ್ನೆ ಎತ್ತುವುದಿಲ್ಲ. ಯಾಕೆಂದರೆ ಆದಷ್ಟು ಜಾತಿ ಪಾಲಿಸು, ಆಗದಿದ್ದರೆ ಪ್ರಾಯಶ್ಚಿತ್ತ ಮಾಡಿಕೋ ಎಂದು ಶಾಸ್ತ್ರ ಹೇಳಿ, ವಿಚಾರವನ್ನೇ ಅದುಮಿಬಿಟ್ಟಿದೆ ಎಂದು ಅಂಬೇಡ್ಕರ್ ತೋರಿಸಿದರು.