ಪ್ಲ್ಯಾನ್ ಕೆಟ್ಟಾಗಲೇ ಮಜಾ: ‘ಮಿಷನ್: ಇಂಪಾಸಿಬಲ್’ ಸುಧಾರಿಸಿದ ಕಥೆ

1996ರ ಮೊದಲ ‘ಮಿಷನ್: ಇಂಪಾಸಿಬಲ್’ ಕಥೆ ಮರೆತವರಿಗೂ ಆ ಬಿಳಿ ಕೋಣೆ ನೆನಪಿರುತ್ತದೆ. ಸಿಐಎ ಕಚೇರಿಯೊಳಗೆ ಹಗ್ಗಕ್ಕೆ ಜೋತುಬಿದ್ದ ಟಾಮ್ ಕ್ರೂಸ್. ಸದ್ದಾದರೆ ಅಲಾರಂ, ನೆಲ ಮುಟ್ಟಿದರೂ ಅಲಾರಂ. ಹಿನ್ನೆಲೆ ಸಂಗೀತವೂ ಇಲ್ಲ. ಕನ್ನಡಕದ ಮೇಲೆ ಜಾರುವ ಒಂದು ಹನಿ ಬೆವರು, ಅಷ್ಟೇ. ಶೂಟಿಂಗ್‌ನಲ್ಲಿ ಕ್ರೂಸ್ ಮುಖ ಪದೇ ಪದೇ ನೆಲಕ್ಕೆ ಬಡಿಯುತ್ತಿತ್ತಂತೆ. ಕೊನೆಗೆ ಶೂ ಒಳಗೆ ನಾಣ್ಯ ಹಾಕಿಕೊಂಡು ತೂಕ ಸರಿಮಾಡಿಕೊಂಡರು.

ಇದರ ಮೂಲ 1966ರಲ್ಲಿ ಶುರುವಾದ ಅಮೆರಿಕದ ಟಿವಿ ಧಾರಾವಾಹಿ. ಅಲ್ಲಿ ತಂಡವೇ ಹೀರೊ. ನಿರ್ದೇಶಕ ಬ್ರಯಾನ್ ಡಿ ಪಾಲ್ಮಾ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ತಂಡವನ್ನು ಮುಗಿಸಿದರು. ಸಾಲದ್ದಕ್ಕೆ ಟಿವಿಯ ನಾಯಕ ಜಿಮ್ ಫೆಲ್ಪ್ಸ್‌ನನ್ನೇ ಖಳನಾಗಿಸಿದರು. ಹಳೇ ಅಭಿಮಾನಿಗಳಿಗೆ ಸಿಟ್ಟು ಬಂದದ್ದು ಸಹಜ ಅಲ್ವಾ?

ಎರಡನೆಯದು (2000) ಆ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಗಳಿಸಿದ ಚಿತ್ರ. ನನ್ನ ಲೆಕ್ಕದಲ್ಲಿ ಸರಣಿಯಲ್ಲೇ ಸಪ್ಪೆ. ನಿರ್ದೇಶಕ ಜಾನ್ ವೂ ಪಾರಿವಾಳ ಹಾರಿಸಿದರು, ಬೈಕ್ ಕುಣಿಸಿದರು. ಕಥೆ ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಯಾರೋ ಒಬ್ಬರು ಮುಖವಾಡ ಕಿತ್ತು ‘ನಾನೇ ಕಣೋ’ ಅನ್ನುವಂತಾಯಿತು. ಎಲ್ಲದಕ್ಕೂ ಮುಖವಾಡ ಇದ್ದರೆ ಭಯ ಎಲ್ಲಿಂದ ಬರಬೇಕು?

2006ರ ಮೂರನೆಯದರಲ್ಲಿ ನಿರ್ದೇಶಕ ಜೆ. ಜೆ. ಏಬ್ರಮ್ಸ್ ಕ್ರೂಸ್ ಪಾತ್ರವಾದ ಈಥನ್ ಹಂಟ್‌ಗೆ ಮದುವೆ ಮಾಡಿಸಿದರು. ಕಳೆದುಕೊಳ್ಳಲು ಅವನಿಗೂ ಏನೋ ಒಂದು ಸಿಕ್ಕಿತು. ಖಳನಾದ ಫಿಲಿಪ್ ಸೀಮೋರ್ ಹಾಫ್‌ಮನ್ ತಣ್ಣಗೆ ಹತ್ತರವರೆಗೆ ಎಣಿಸುವ ದೃಶ್ಯ ಇವತ್ತಿಗೂ ಹೊಟ್ಟೆ ಹಿಂಡುತ್ತದೆ. ಗಳಿಕೆ ಮಾತ್ರ ಕಡಿಮೆಯಾಯಿತು.

ನಿಜವಾದ ತಿರುವು 2011ರದ್ದು. ಅನಿಮೇಷನ್‌ನಿಂದ ಬಂದ ಬ್ರಾಡ್ ಬರ್ಡ್ ಯಂತ್ರಗಳನ್ನೆಲ್ಲ ಕೆಡಿಸಿಟ್ಟರು. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಗಾಜು ಹತ್ತುವಾಗ, ಗಾಜಿಗೆ ಅಂಟಿಕೊಳ್ಳಬೇಕಾದ ಒಂದು ಗ್ಲೌಸ್ ಕೈಕೊಡುತ್ತದೆ. ಮುಖವಾಡ ಮಾಡುವ ಯಂತ್ರವೂ ಅಲ್ಲೇ ಹಾಳಾಗುತ್ತದೆ. ಮುಖವಾಡವಿಲ್ಲದೆ, ಬರೀ ಸ್ವಂತ ಮುಖ ಹೊತ್ತು, ಶತ್ರುವಿನ ಎದುರು ಕೂರಬೇಕು! ಬಿಳಿ ಕೋಣೆಯ ಆ ಬೆವರಹನಿ ಹದಿನೈದು ವರ್ಷದ ಮೇಲೆ ವಾಪಸ್ ಬಂತು. ತಂಡವೂ ಬಂತು.

ಮೊದಲ ಐದು ಚಿತ್ರಗಳಿಗೆ ಐವರು ನಿರ್ದೇಶಕರು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಗಳೆಲ್ಲ ದೊರೈ-ಭಗವಾನ್ ಜೋಡಿಯವೇ. ‘ಮಿಷನ್’ನ ಐದನೆಯದಕ್ಕೆ (2015) ಬಂದ ಕ್ರಿಸ್ಟೋಫರ್ ಮೆಕ್ವಾರಿ ಮಾತ್ರ ಇಲ್ಲೇ ಉಳಿದರು. ಹೊರಡುವ ವಿಮಾನದ ಬಾಗಿಲಿಗೆ ಕ್ರೂಸ್ ಜೋತುಬಿದ್ದದ್ದು ಅದರಲ್ಲೇ. 2023 ಮತ್ತು 2025ರ ಕೊನೆಯ ಎರಡರಲ್ಲಿ ಮಾತು ಜಾಸ್ತಿಯಾಯಿತು, ಸಾಹಸ ಕಡಿಮೆಯಾಗದಿದ್ದರೂ.

ಹಾಗಾಗಿ ನನಗೆ ತುದಿ ಅಂದರೆ 2018ರ ‘ಫಾಲ್‌ಔಟ್’. ವಿಮಾನದಿಂದ ಜಿಗಿಯುವ ದೃಶ್ಯಕ್ಕಾಗಿ ಕ್ರೂಸ್ ನೂರಕ್ಕೂ ಹೆಚ್ಚು ಸಲ ಹಾರಿದರು. ಅದಕ್ಕಿಂತ ನನಗಿಷ್ಟ ಲಂಡನ್‌ನ ಒಂದು ಚಿಕ್ಕ ಶಾಟ್. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರಿದರು. ಪಾದ ಗೋಡೆಗೆ ಬಡಿದು ಹಿಮ್ಮಡಿಯ ಗಂಟು ಮುರಿಯಿತು. ಆದರೂ ಗೋಡೆ ಹತ್ತಿ, ಕುಂಟುತ್ತಾ ಕ್ಯಾಮೆರಾ ದಾಟಿ ಹೋದರು. ಶೂಟಿಂಗ್ ವಾರಗಟ್ಟಲೆ ನಿಂತಿತು. ಆ ಶಾಟ್ ಮಾತ್ರ ಸಿನಿಮಾದಲ್ಲಿ ಹಾಗೇ ಇದೆ.