ಆಸ್ಟ್ರೋಟರ್ಫಿಂಗ್: ಬಾಡಿಗೆ ದನಿಗಳ ಜನಾಭಿಪ್ರಾಯ

ಒಂದು ಸುದ್ದಿಯ ಕೆಳಗೆ ಸಾವಿರಾರು ಕಮೆಂಟು. ಹೆಚ್ಚಿನವು ಒಂದೇ ಕಡೆ ವಾಲಿವೆ. ಓದಿದವರಿಗೆ 'ಓಹೋ, ಜನ ಹೀಗೆ ಯೋಚಿಸ್ತಿದ್ದಾರೆ' ಅನಿಸುವುದು ಸಹಜ. ಆದರೆ ಅಷ್ಟು ಜನ ನಿಜಕ್ಕೂ ಇದ್ದಾರಾ? ಒಂದು ಕಂಪನಿಯೋ ಪಕ್ಷವೋ ಸರ್ಕಾರವೋ ತೆರೆಮರೆಯಲ್ಲಿ ಕೂತು, ಜನ ತಾವಾಗಿಯೇ ಮಾತಾಡುತ್ತಿದ್ದಾರೆ ಅನ್ನುವ ಹಾಗೆ ಅಭಿಪ್ರಾಯ ಹುಟ್ಟಿಸುವುದಕ್ಕೆ ಆಸ್ಟ್ರೋಟರ್ಫಿಂಗ್ ಎನ್ನುತ್ತಾರೆ.

ಆಸ್ಟ್ರೋಟರ್ಫ್ ಅಂದರೆ ಕೃತಕ ಹುಲ್ಲಿನ ಒಂದು ಬ್ರಾಂಡ್. 1966ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಹಾಸಿದ ಮೇಲೆ ಹೆಸರಾಯಿತು. ಜನರ ನಡುವಿನಿಂದ ತಾನಾಗಿ ಎದ್ದ ಚಳವಳಿಯನ್ನು ಅಲ್ಲಿ 'ಗ್ರಾಸ್‌ರೂಟ್ಸ್', ಅಂದರೆ ಹುಲ್ಲಿನ ಬೇರು, ಎನ್ನುವುದು ರೂಢಿ. 1985ರಲ್ಲಿ ಟೆಕ್ಸಸ್‌ನ ಸೆನೆಟರ್ ಲಾಯ್ಡ್ ಬೆಂಟ್ಸನ್ ಅವರಿಗೆ ವಿಮಾ ಉದ್ಯಮದ ಪರವಾಗಿ ರಾಶಿ ಪತ್ರಗಳು ಬಂದವು. ಇವು ಯಾರೋ ಬರೆಸಿದ ಪತ್ರಗಳು ಎಂದು ಗುರುತಿಸಿ, ಅವರು ಹುಲ್ಲಿನ ಬೇರು ಬೇರೆ, ಆಸ್ಟ್ರೋಟರ್ಫ್ ಬೇರೆ ಎನ್ನುವ ಹೋಲಿಕೆ ಬಳಸಿದರು. ಅಂದರೆ ಈ ಕಸುಬು ಇಂಟರ್ನೆಟ್‌ಗಿಂತ ಹಳೆಯದು. ಇಂಟರ್ನೆಟ್ ಬಂದ ಮೇಲೆ ಅಗ್ಗವಾಯಿತು, ಅಷ್ಟೆ.

ಎಷ್ಟು ಅಗ್ಗ ಅಂತ ತಿಳಿಯಲು 2017ರ ಒಂದು ಪ್ರಕರಣ ಸಾಕು. ಅಮೆರಿಕದ ದೂರಸಂಪರ್ಕ ಆಯೋಗ ನೆಟ್ ನ್ಯೂಟ್ರಾಲಿಟಿ ನಿಯಮಗಳನ್ನು, ಅಂದರೆ ಇಂಟರ್ನೆಟ್ ಕೊಡುವ ಕಂಪನಿಗಳು ಎಲ್ಲ ವೆಬ್‌ಸೈಟುಗಳನ್ನೂ ಸಮಾನವಾಗಿ ಕಾಣಬೇಕು ಎನ್ನುವ ನಿಯಮಗಳನ್ನು, ತೆಗೆದುಹಾಕಲು ಹೊರಟಿತ್ತು. ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಬಂದದ್ದು 2.2 ಕೋಟಿಗೂ ಜಾಸ್ತಿ ಕಮೆಂಟು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ತನಿಖೆ ಮಾಡಿ 2021ರಲ್ಲಿ ವರದಿ ಕೊಟ್ಟಿತು. ಸುಮಾರು 1.8 ಕೋಟಿ ಕಮೆಂಟು ನಕಲಿ! ಅದರಲ್ಲಿ ಸುಮಾರು 85 ಲಕ್ಷ, ನಿಯಮಗಳು ಹೋಗಲಿ ಎಂದು ಬ್ರಾಡ್‌ಬ್ಯಾಂಡ್ ಕಂಪನಿಗಳ ದುಡ್ಡಿನಲ್ಲಿ ನಡೆದ ಪ್ರಚಾರದ ಫಲ. ನಿಜವಾದ ವ್ಯಕ್ತಿಗಳ ಹೆಸರು, ವಿಳಾಸಗಳನ್ನು ಅವರಿಗೇ ಗೊತ್ತಿಲ್ಲದಂತೆ ಬಳಸಲಾಗಿತ್ತು. ಇನ್ನೊಂದು ಬದಿಯೂ ಶುದ್ಧವಾಗಿರಲಿಲ್ಲ. ನಿಯಮಗಳು ಉಳಿಯಲಿ ಎಂದ 77 ಲಕ್ಷ ಕಮೆಂಟುಗಳನ್ನು ಕಳಿಸಿದ್ದು 19 ವರ್ಷದ ಒಬ್ಬನೇ ಒಬ್ಬ ಕಾಲೇಜು ವಿದ್ಯಾರ್ಥಿ, ಹುಸಿ ಹೆಸರುಗಳಲ್ಲಿ. ಇದು ನನ್ನನ್ನು ತುಂಬಾ ಕಾಡುವ ಸಂಗತಿ. ಕಾಳಜಿಯಿಂದ ಕೂತು ನಾಲ್ಕು ಸಾಲು ಬರೆದ ನಿಜವಾದ ಮನುಷ್ಯರೂ ಅಲ್ಲಿದ್ದರಲ್ಲ, ಆ ರಾಶಿಯಲ್ಲಿ ಅವರ ಮಾತು ಹುಗಿದುಹೋಯಿತು.

ಇಲ್ಲಿ ಪಕ್ಷಪಾತ ಬೇರೆ, ನಕಲಿತನ ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಒಬ್ಬ ಬಾಡಿಗೆದಾರ ಬಾಡಿಗೆ ಕಾನೂನಿನ ಬಗ್ಗೆ ಸಿಟ್ಟಿನಿಂದ ಬರೆದರೆ ಅದರಲ್ಲಿ ಪಕ್ಷಪಾತ ಇದ್ದೇ ಇರುತ್ತದೆ. ಆದರೂ ಅವನ ಅನುಭವ ನಿಜ, ಅದು ಕೆಲಸಕ್ಕೆ ಬರುತ್ತದೆ. ಅವನು ಎಲ್ಲಿ ನಿಂತು ಮಾತಾಡುತ್ತಿದ್ದಾನೆ ಅಂತ ಗೊತ್ತಿದ್ದರೆ, ಎಷ್ಟು ತೂಕ ಕೊಡಬೇಕು ಅಂತ ನಾವೇ ಲೆಕ್ಕ ಹಾಕಬಹುದು. ಆಸ್ಟ್ರೋಟರ್ಫಿಂಗ್‌ನಲ್ಲಿ ಮುಚ್ಚಿಡುವುದೇ ಈ ನಿಂತ ಜಾಗವನ್ನು. ಹಾಗೆಯೇ, ಒಂದು ಸಂಘಟನೆ ತನ್ನ ಹೆಸರು ಹೇಳಿಕೊಂಡು 'ಈ ಮನವಿಗೆ ಸಹಿ ಹಾಕಿ' ಎಂದರೆ, ಸಾವಿರ ಜನ ಒಂದೇ ಒಕ್ಕಣೆ ಕಳಿಸಿದರೂ ಅದರಲ್ಲಿ ಮೋಸವಿಲ್ಲ.

ಗುರುತಿಸುವುದು ಹೇಗೆ? 2017ರ ಕಮೆಂಟುಗಳಲ್ಲಿ ಒಂದು ಉಪಾಯ ಎದ್ದು ಕಂಡಿತ್ತು. ವಾಕ್ಯದ ಅಚ್ಚು ಒಂದೇ, ಪದಗಳು ಮಾತ್ರ ಅದಲುಬದಲು. ಒಂದರಲ್ಲಿ 'ಈ ನಿಯಮ ರದ್ದಾಗಬೇಕೆಂದು ಕೋರುತ್ತೇನೆ', ಮುಂದಿನದರಲ್ಲಿ 'ಈ ಕಾನೂನು ಹೋಗಬೇಕೆಂದು ಆಗ್ರಹಿಸುತ್ತೇನೆ', ಅದರ ಕೆಳಗೆ 'ಈ ಕಟ್ಟಳೆ ತೆಗೆಯಬೇಕೆಂದು ಬಯಸುತ್ತೇನೆ', ಹೀಗೆ ಎಂದುಕೊಳ್ಳಿ. ಒಂದನ್ನು ಓದಿದರೆ ಏನೂ ಅನಿಸುವುದಿಲ್ಲ. ಹತ್ತನ್ನು ಸಾಲಾಗಿ ಓದಿದರೆ ಅಚ್ಚು ಕಾಣುತ್ತದೆ. ಈಗ ಎಐ ಇರುವುದರಿಂದ ಪ್ರತಿ ಕಮೆಂಟನ್ನೂ ಬೇರೆ ಬೇರೆ ಶೈಲಿಯಲ್ಲಿ ಬರೆಸಬಹುದು. ಹಾಗಾಗಿ ಭಾಷೆಯೊಂದನ್ನೇ ನಂಬಿ ಕೂರುವಂತಿಲ್ಲ. ಖಾತೆ ಯಾವಾಗ ಹುಟ್ಟಿತು, ಬೇರೆ ವಿಷಯಕ್ಕೆ ಯಾವತ್ತಾದರೂ ಬಾಯಿ ಬಿಟ್ಟಿದೆಯಾ, ಎದುರು ಪ್ರಶ್ನೆ ಕೇಳಿದರೆ ಉತ್ತರ ಬರುತ್ತದಾ, ಇವನ್ನೂ ನೋಡಬೇಕು. ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಪರೀಕ್ಷಿಸಿ ನೋಡಬಹುದಾದ ವಿವರಕ್ಕೆ. 'ಅದ್ಭುತ ನಿರ್ಧಾರ' ಅನ್ನುವ ಮಾತಿನಿಂದ ನಮಗೆ ಸಿಗುವುದೇನೂ ಇಲ್ಲ. 'ಆದೇಶದ ಎರಡನೇ ಪುಟದಲ್ಲಿ ಹೀಗಿದೆ, ಇದರಿಂದ ಇಂಥವರಿಗೆ ತೊಂದರೆ' ಅಂದರೆ, ಬರೆದವರು ಯಾರೇ ಇರಲಿ, ಪುಟ ತೆರೆದು ನೋಡಬಹುದಲ್ವಾ?

ಒಂದು ಎಚ್ಚರಿಕೆಯೂ ಬೇಕು. ನಮಗೆ ಒಪ್ಪದ ಮಾತು ಹೇಳಿದವರನ್ನೆಲ್ಲ ಸುಮ್ನೆ 'ದುಡ್ಡು ತಗೊಂಡು ಬರೆಯೋರು' ಎಂದು ಬೈಯುವುದು ಈಗ ಚಾಳಿಯಾಗಿದೆ. ಸಾಕ್ಷಿ ಇಲ್ಲದೆ ಹಾಗೆ ಅನ್ನುವುದು ಆ ವ್ಯಕ್ತಿಗೆ ಮಾಡುವ ಅನ್ಯಾಯ.

ಇನ್ನು ಲೈಕುಗಳ ಮಾತು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಬಂತು. ಸಂಶೋಧಕರು ಕೆಲವು ಕಮೆಂಟುಗಳಿಗೆ, ಒಳಗೇನಿದೆ ಎಂದು ನೋಡದೆ, ಮೊದಲೇ ಒಂದು ಮೆಚ್ಚುಗೆಯ ಮತ ಹಾಕಿಟ್ಟರು. ಅವನ್ನು ಮೊದಲು ನೋಡಿದ ಓದುಗ ತಾನೂ ಮೆಚ್ಚುವ ಸಾಧ್ಯತೆ ಶೇ 32ರಷ್ಟು ಏರಿತು. ಕೊನೆಗೆ ಸಿಕ್ಕ ಸರಾಸರಿ ಅಂಕವೂ ಶೇ 25ರಷ್ಟು ಹೆಚ್ಚಿತ್ತು. ಅಂದರೆ ಶುರುವಿನಲ್ಲೇ ನಾಲ್ಕು ನಕಲಿ ಖಾತೆಗಳಿಂದ ಲೈಕು ಒತ್ತಿಸಿದರೂ, ಮುಂದಿನ ಕೆಲಸವನ್ನು ನಿಜವಾದ ಓದುಗರೇ ಮಾಡಿಕೊಡಬಹುದು. ಅದಕ್ಕೇ ನಾನು ಸಾಧ್ಯವಿದ್ದ ಕಡೆಯೆಲ್ಲ ಜನಪ್ರಿಯ ಕಮೆಂಟುಗಳನ್ನು ಬಿಟ್ಟು, ಹೊಸದು ಮೊದಲು ಬರುವ ಹಾಗೆ ಇಟ್ಟುಕೊಂಡು ಓದುತ್ತೇನೆ.