9007199254740993 ಎಲ್ಲಿ ಹೋಯಿತು?

ಜಾವಾದಲ್ಲಿ ಬರೆದ ವೆಬ್ ಸರ್ವೀಸ್ ಒಂದು 9007199254740993 ಎಂಬ ಆರ್ಡರ್ ನಂಬರನ್ನು ಜೇಸನ್‌ನಲ್ಲಿ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಪಠ್ಯರೂಪ) ಕಳಿಸುತ್ತದೆ. ಬ್ರೌಸರ್ ಅದನ್ನು 9007199254740992 ಎಂದು ಓದಿಕೊಳ್ಳುತ್ತದೆ. ಎರರ್ ಇಲ್ಲ, ಲಾಗ್‌ನಲ್ಲಿ ಸುಳಿವೂ ಇಲ್ಲ. ಮೊದಲು ಬರೆಯಬೇಕಾದ್ದು ಕೋಡೋ, ಎರಡೂ ಬದಿಯ ನಡುವಿನ ಒಪ್ಪಂದವೋ ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ.

ಜಾವಾದ ಲಾಂಗ್ 64 ಬಿಟ್‌ಗಳ ಪೂರ್ಣಾಂಕ. ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ನಂಬರಿಗೂ 64 ಬಿಟ್ ಇದೆ, ಆದರೆ ಅದು ದಶಾಂಶಕ್ಕೆಂದು ಮಾಡಿದ ಡಬ್ಬಿ. ಪೂರ್ಣಾಂಕಕ್ಕೆ ದಕ್ಕುವುದು 53 ಬಿಟ್ ಮಾತ್ರ. ಆ ಗಡಿ ದಾಟಿದೊಡನೆ ಬೆಸ ಸಂಖ್ಯೆಗಳಿಗೆ ಜಾಗವಿಲ್ಲ. ಕೊಳಗದಲ್ಲಿ ಭತ್ತ ಅಳೆಯುವವನಿಗೆ ಪಾವಿನ ಲೆಕ್ಕ ಸಿಗದ ಹಾಗೆ. ಅಥವಾ ಮೈಲಿಗಲ್ಲು ಎಣಿಸಿ ರವಿಕೆ ಬಟ್ಟೆ ಕತ್ತರಿಸಿದ ಹಾಗೆ.

ಕೋಡ್-ಫಸ್ಟ್ ವಿಧಾನದ ಒಳರೋಗ ಇದೇ. ಮೊದಲು ಕೋಡ್ ಬರೆದು, ಅದರಿಂದ ಓಪನ್‌ಎಪಿಐ ಕಡತ (ಸರ್ವೀಸ್ ಏನು ಕೇಳುತ್ತದೆ, ಏನು ಕೊಡುತ್ತದೆ ಎಂಬ ಒಪ್ಪಂದ) ಹೊರತೆಗೆದರೆ, ಆ ಭಾಷೆಯ ಮನೆಯೊಳಗಿನ ಅಭ್ಯಾಸಗಳೆಲ್ಲ ಒಪ್ಪಂದಕ್ಕೆ ಸೇರಿಕೊಳ್ಳುತ್ತವೆ. ಜಾವಾದಲ್ಲಿ ಗೆಟ್ಟರ್‌ನ, ಅಂದರೆ ಮೌಲ್ಯ ಓದಿಕೊಡುವ ಮೆಥಡ್‌ನ, ಹೆಸರಿನಿಂದಲೇ ಜೇಸನ್ ಕೀ ಹುಟ್ಟುವುದು ರೂಢಿ. ಯಾರೋ 'ಮೊಬೈಲ್' ಅನ್ನು 'ಫೋನ್' ಎಂದು ರೀನೇಮ್ ಮಾಡುತ್ತಾರೆ. ಕಂಪೈಲ್ ಆಗುತ್ತದೆ, ಟೆಸ್ಟೂ ಪಾಸಾಗುತ್ತದೆ. ಆರು ತಿಂಗಳಿಂದ ಅಪ್‌ಡೇಟ್ ಕಾಣದ ಆ್ಯಪ್ ಮಾತ್ರ ಕೈಕೊಡುತ್ತದೆ. ಲಗ್ನಪತ್ರಿಕೆ ಹಂಚಿ ಮುಗಿದ ಮೇಲೆ ಛತ್ರ ಬದಲಿಸಿದರೆ ಇನ್ನೇನಾದೀತು?

"ತಾನಾಗಿ ಹುಟ್ಟಿದ ಡಾಕ್ಯುಮೆಂಟ್ ಸುಳ್ಳು ಹೇಳುವುದಿಲ್ಲ" ಎಂಬುದು ನಮ್ಮ ಕಸುಬಿನ ಮೂಢನಂಬಿಕೆ. ಇವತ್ತಿನ ಕೋಡ್ ಏನು ಮಾಡುತ್ತದೆಂದು ಅದು ಹೇಳುತ್ತದೆ, ಸರಿ. ನಿನ್ನೆ ಕೊಟ್ಟ ಮಾತು ಏನೆಂಬುದು ಅದಕ್ಕೆ ಗೊತ್ತಿಲ್ಲ.

ಕಾಂಟ್ರಾಕ್ಟ್-ಫಸ್ಟ್, ಅಂದರೆ ಒಪ್ಪಂದ ಮೊದಲು, ಕೋಡ್ ಆಮೇಲೆ ಎಂಬ ವಿಧಾನ ಹೊಸ ಫ್ಯಾಷನ್ ಏನಲ್ಲ. 1980ರ ದಶಕದಲ್ಲೇ ಸನ್ ಕಂಪನಿಯ ಆರ್‌ಪಿಸಿಜೆನ್ ಎಂಬ ಕೋಡ್ ಹುಟ್ಟಿಸುವ ಟೂಲ್, ಮೊದಲು ಒಪ್ಪಂದದ ಕಡತ ಕೇಳುತ್ತಿತ್ತು. 2001ರಲ್ಲಿ ವೆಬ್ ಸರ್ವೀಸಿನ ಒಪ್ಪಂದ ಬರೆಯುವ ಭಾಷೆ ಡಬ್ಲ್ಯೂಎಸ್‌ಡಿಎಲ್ 1.1 ಬಂದಾಗ ಜನ ಬಟನ್ ಒತ್ತಿ ಕೋಡ್‌ನಿಂದಲೇ ಅದನ್ನು ಹುಟ್ಟಿಸತೊಡಗಿದರು; ಡಾಟ್‌ನೆಟ್‌ನ ಡೇಟಾಸೆಟ್, ಜಾವಾದ ಮ್ಯಾಪ್ ಆಚೆ ಬದಿಯ ಟೂಲ್‌ಗೆ ಅರ್ಥವಾಗದೆ ಪರದಾಡಿದರು. ಅದಕ್ಕೇ ಸ್ಪ್ರಿಂಗ್ ವೆಬ್ ಸರ್ವೀಸಸ್ ಎಂಬ ಜಾವಾ ಫ್ರೇಮ್‌ವರ್ಕ್ ಕಾಂಟ್ರಾಕ್ಟ್-ಫಸ್ಟ್ ಒಂದನ್ನೇ ಇಟ್ಟುಕೊಂಡಿತು. ಗೂಗಲ್ 2008ರಲ್ಲಿ ಬಿಡುಗಡೆ ಮಾಡಿದ ದತ್ತಾಂಶ ರೂಪ ಪ್ರೋಟೋಬಫ್‌ನಲ್ಲಿ ತಂತಿಯ ಮೇಲೆ ಹೋಗುವುದು ಫೀಲ್ಡ್ ನಂಬರು, ಹೆಸರಲ್ಲ; ಅಳಿಸಿದ ನಂಬರನ್ನು 'ರಿಸರ್ವ್ಡ್' ಎಂದು ಬರೆದಿಟ್ಟರೆ ಯಾರೂ ಮತ್ತೆ ಬಳಸಲಾರರು. ಅದರ ಜೇಸನ್ ರೂಪದಲ್ಲಿ 64 ಬಿಟ್ ಪೂರ್ಣಾಂಕ ಸ್ಟ್ರಿಂಗ್ ಆಗಿಯೇ ಹೋಗುತ್ತದೆ. ಕಳೆದುಹೋದ ಆ ಒಂದು ಅಲ್ಲಿ ಉಳಿಯುತ್ತದೆ!

ಹಾಗಾದರೆ ಯಾವುದು? ಸರ್ವೀಸನ್ನು ಕರೆಯುವ ಪ್ರೋಗ್ರಾಂಗಳನ್ನೆಲ್ಲ ಒಂದೇ ದಿನ ಡಿಪ್ಲಾಯ್ ಮಾಡಬಲ್ಲಿರಾದರೆ ಕೋಡ್-ಫಸ್ಟ್ ಸಾಕು. ಪೈಥಾನ್‌ನ ಫಾಸ್ಟ್‌ಎಪಿಐ ಫ್ರೇಮ್‌ವರ್ಕ್ ಆ ಓಪನ್‌ಎಪಿಐ ಕಡತವನ್ನು ತಾನೇ ಕೊಡುತ್ತದೆ. ಮೊಬೈಲ್ ಆ್ಯಪ್, ಹೊರಗಿನ ಕಂಪನಿ ಇದ್ದರೆ ಮೊದಲು ಯಾಮಲ್ (ಒಪ್ಪಂದದ ಕಡತದ ಪಠ್ಯರೂಪ) ಬರೆಯಿರಿ. ಐಡಿ, ಖಾತೆ ಸಂಖ್ಯೆಗಳು ಸ್ಟ್ರಿಂಗ್ ಆಗಿರಲಿ, ಇಲ್ಲವಾದರೆ ಸಂಖ್ಯೆಯ ಆರಂಭದ ಸೊನ್ನೆಗಳೂ ಹೋದವು. ಪ್ರಿಸಂನಂಥ, ಒಪ್ಪಂದ ನೋಡಿ ನಕಲಿ ಉತ್ತರ ಕೊಡುವ ಮಾಕ್ ಸರ್ವರ್ ಹಚ್ಚಿಕೊಟ್ಟರೆ ಯುಐ ತಂಡ ಅಂದೇ ಕೆಲಸ ಶುರು ಮಾಡಬಹುದು. ಯಾಮಲ್‌ನಿಂದ ಜನರೇಟ್ ಆದ ಕೋಡನ್ನು ಕೈಯಲ್ಲಿ ತಿದ್ದಬೇಡಿ, ಮುಂದಿನ ಬಿಲ್ಡ್ ಅದನ್ನು ಒರೆಸಿಹಾಕುತ್ತದೆ. ಟೆಸ್ಟ್‌ನಲ್ಲಿ ಉತ್ತರಗಳನ್ನು ಯಾಮಲ್‌ಗೆ ಹೋಲಿಸದಿದ್ದರೆ ಇಲ್ಲೂ ಕೋಡ್ ಒಂದು ದಾರಿ, ಒಪ್ಪಂದ ಒಂದು ದಾರಿ.

ಕೋಡ್-ಫಸ್ಟ್ ಬಿಡಲಾಗದವರು ಹುಟ್ಟಿದ ಕಡತವನ್ನು ಗಿಟ್‌ಗೆ ಸೇರಿಸಿ, ಪ್ರತಿ ಕಮಿಟ್‌ನಲ್ಲೂ ಓಎಎಸ್‌ಡಿಫ್ ಎಂಬ ಟೂಲ್‌ನಿಂದ ಹಳೆಯದಕ್ಕೆ ಹೋಲಿಸಲಿ. ಉತ್ತರದ ಈನಮ್‌ಗೆ (ಬರಬಹುದಾದ ಮೌಲ್ಯಗಳ ಪಟ್ಟಿ) ಹೊಸ ಮೌಲ್ಯವೊಂದು ಸೇರಿದಾಗ ವಿಶೇಷವಾಗಿ ನೋಡಬೇಕು: ಏನನ್ನೂ ತೆಗೆದಿಲ್ಲವಲ್ಲ ಎಂದು ಎಲ್ಲರೂ ಒಪ್ಪಿಬಿಡುತ್ತಾರೆ, ಹಳೆಯ ಕ್ಲೈಂಟ್ ಆ ಪದ ಕಂಡು ಕ್ರ್ಯಾಶ್ ಆಗುತ್ತದೆ.